ಬೆಟ್ಟದೂರಿಗೆ ಎರಡನೇ ನೀರಿನ ದಾರಿ ಬೇಕು

ಮಾನ್ಯರೇ,

ಚಂಡಮಾರುತ ಅಂದರೆ ಕರಾವಳಿಯವರ ಚಿಂತೆ ಅಂತ ಈಗಲೂ ತುಂಬಾ ಜನ ಅಂದುಕೊಂಡಿದ್ದಾರೆ. 2024ರ ಸೆಪ್ಟೆಂಬರ್ 27ರಂದು ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ 'ಹೆಲೀನ್' ಚಂಡಮಾರುತ ಮಾಡಿದ ಹಾನಿ ನೋಡಿದ ಮೇಲೂ ಹಾಗೆ ಸುಮ್ಮನಿರುವುದು ಸರಿಯಲ್ಲ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ, 2,000 ಅಡಿಗೂ ಹೆಚ್ಚು ಎತ್ತರದ ಬೆಟ್ಟದೂರು ಆಶ್‌ವಿಲ್‌ನಲ್ಲಿ ನೀರು, ಕರೆಂಟು, ಫೋನು ಎಲ್ಲವೂ ಕೈಕೊಟ್ಟವು.

ಜಾಸ್ತಿ ಕಾಡಿದ್ದು ನೀರು. ಜಲಾಶಯದಿಂದ ಬರುವ ದೊಡ್ಡ ಪೈಪುಗಳೇ ಕೊಚ್ಚಿಹೋದವು. ಪೈಪು ಸರಿಮಾಡಿದ ಮೇಲೂ ಜಲಾಶಯದ ನೀರು ಕೆಸರಾಗಿಯೇ ಇತ್ತು. ನಲ್ಲಿ ನೀರು ಮತ್ತೆ ಕುಡಿಯಲು ಯೋಗ್ಯ ಅಂತ ಹೇಳಿದ್ದು ನವೆಂಬರ್ 18ಕ್ಕೆ, 53ನೇ ದಿನ! ಅಲ್ಲಿಯವರೆಗೆ ಜನ ಟ್ಯಾಂಕರ್ ಮುಂದೆ ಸಾಲು ನಿಂತರು, ಶೌಚಾಲಯಕ್ಕೆ ಹಳ್ಳದ ನೀರು ಹೊತ್ತರು. ಕಾರ್ಡ್ ನಡೆಯದ ಅಂಗಡಿಗಳಲ್ಲಿ ನಗದೇ ಗತಿ. ರಸ್ತೆ ಇಲ್ಲದ ಕಣಿವೆಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೋಯಿತು. ಮೌಂಟ್ ಮಿಚೆಲ್ ಶಿಖರದ ಮೇಲಿನ ಹ್ಯಾಮ್ (ಹವ್ಯಾಸಿಗಳ) ರೇಡಿಯೋ ಕೇಂದ್ರದಿಂದಲೇ ಎಷ್ಟೋ ಜನರ ಸುದ್ದಿ ಹೊರಗೆ ತಿಳಿಯಿತು.

ಅದೇ ಬೆಟ್ಟಸೀಮೆಯ ಒಂದು ಕಾರ್ಖಾನೆ ಮುಳುಗಿದ್ದರಿಂದ ದೇಶದ ಆಸ್ಪತ್ರೆಗಳಿಗೇ ಡ್ರಿಪ್ ದ್ರಾವಣದ ಕೊರತೆಯಾಯಿತು. ಇಡೀ ಅಮೆರಿಕಕ್ಕೆ ಬೇಕಾದ ದ್ರಾವಣದಲ್ಲಿ ಸುಮಾರು ಶೇ 60 ಅಲ್ಲೇ ತಯಾರಾಗುತ್ತಿತ್ತು. ಇಷ್ಟನ್ನೆಲ್ಲ ಒಂದೇ ಕಣಿವೆಗೆ ಒಪ್ಪಿಸಿದ್ದು ಅಪಾಯವಲ್ವಾ?

ನೆರೆಹೊರೆಯವರು ಗರಗಸ ಹಿಡಿದು ದಾರಿ ಬಿಡಿಸಿದ್ದು, ಅಡುಗೆ ಹಂಚಿಕೊಂಡಿದ್ದು ದೊಡ್ಡ ಮಾತು. ಆದರೆ ಅದನ್ನೇ ಹೊಗಳುತ್ತಾ ಆಡಳಿತ ಕೈಕಟ್ಟಿ ಕೂರಬಾರದು. ಶಾಲೆ, ಆಸ್ಪತ್ರೆಗಳಿಗೆ ಬೇರೆಯೇ ಕೊಳವೆಬಾವಿ ಮತ್ತು ಜನರೇಟರ್ ಇರಲಿ. ಆ ಕೆಲಸಕ್ಕೆ ಮುಂದಿನ ಮಳೆಯವರೆಗೆ ಕಾಯಬೇಡಿ.

— ಒಬ್ಬ ಓದುಗ, ಷಾರ್ಲೆಟ್, ನಾರ್ತ್ ಕೆರೊಲಿನಾ