ಎಂಟಡಿ ಹಾಳೆ, ಅರವತ್ತು ಕೈ

ಕಂಪನಿಗಳ ವಾರ್ಷಿಕ ಕೂಟಗಳಲ್ಲಿ ಹಗ್ಗಜಗ್ಗಾಟ, ಮ್ಯೂಸಿಕಲ್ ಚೇರ್ ಜೊತೆಗೆ ಈಗ ಬಣ್ಣ ತುಂಬುವ ಗೋಡೆಚಿತ್ರವೂ ಸೇರಿಕೊಂಡಿದೆ. ಗೆರೆಚಿತ್ರವನ್ನು ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿ ನಿಲ್ಲಿಸುತ್ತಾರೆ. ಬಂದವರೆಲ್ಲ ಪೆನ್ನು ಹಿಡಿದು ಒಂದಿಷ್ಟು ಬಣ್ಣ ತುಂಬಿ ಹೋಗುತ್ತಾರೆ. ನಮ್ಮ ಓದುಗರಲ್ಲಿ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಚೇರಿಗಳ ಜೊತೆ ದಿನವೂ ಕೆಲಸ ಮಾಡುವವರಿದ್ದಾರೆ. ದಸರೆಯೋ ರಾಜ್ಯೋತ್ಸವವೋ ಬಂದರೆ ಚಿತ್ರದ ಫೈಲು ಇವರಿಂದ ಹೋಗುತ್ತದೆ, ಪ್ರಿಂಟು ಮೈಸೂರಿನಲ್ಲಿ ಆಗುತ್ತದೆ, ಎಡವಟ್ಟು ಎರಡರ ನಡುವೆ ಆಗುತ್ತದೆ. ಈ ಸಲದ ಸಂಪಾದಕೀಯ ಅದಕ್ಕೇ ಮೀಸಲು.

ಚೆಂದ ಬರೆಯುವ ಕಲಾವಿದರು ಸಿಗುತ್ತಾರೆ. ಲೆಕ್ಕ ಹಾಕುವವರು ಸಿಗುವುದು ಕಷ್ಟ. ಎಂಟಡಿ ಉದ್ದ ನಾಲ್ಕಡಿ ಎತ್ತರದ ಚಿತ್ರವೆಂದರೆ ಸುಮಾರು 30,000 ಚದರ ಸೆಂಟಿಮೀಟರ್. ಅಂಗೈಯಗಲ, ಅಂದರೆ 10 ಸೆಂ.ಮೀ. ಚೌಕ ತುಂಬಲು ದಪ್ಪ ಮೊನೆಯ ಮಾರ್ಕರ್ ಹಿಡಿದವರಿಗೆ ಮೂರು ನಿಮಿಷವಾದರೂ ಬೇಕು. ಅಂಥ ಚೌಕ 300; ಒಟ್ಟು 15 ಗಂಟೆಯ ಕೈಕೆಲಸ. ಎಂಟಡಿಯ ಮುಂದೆ ನಿಂತು ನಾಲ್ವರು, ಕೆಳಗೆ ಮಣೆ ಹಾಕಿ ಕೂತು ಇಬ್ಬರು, ಹೀಗೆ ಆರು ಜನ ಒಟ್ಟಿಗೆ ತುಂಬಬಹುದು. ಆಗಲೂ ಎರಡೂವರೆ ಗಂಟೆ ಹಿಡಿಯುತ್ತದೆ. ಕಂಪನಿ ಕೊಡುವುದು ಒಂದೇ ಗಂಟೆ. ಹಾಗಾಗಿ ಹಾಳೆಯ ನೂರಕ್ಕೆ 40 ಭಾಗ ಮಾತ್ರ ಜನರಿಗೆ ಬಿಡಿ. ಉಳಿದದ್ದು ಬಿಳಿ, ಕಪ್ಪು ಅಥವಾ ಮೊದಲೇ ಬಣ್ಣದಲ್ಲಿ ಪ್ರಿಂಟಾದ ಜಾಗವಾಗಿರಲಿ. ಅರವತ್ತು ಜನರಿಗೆ ತಲಾ ಆರು ನಿಮಿಷ ಸಿಕ್ಕಿ, ಕೇಕ್ ಕತ್ತರಿಸುವ ಹೊತ್ತಿಗೆ ಚಿತ್ರ ಮುಗಿದಿರುತ್ತದೆ. ಅರ್ಧಕ್ಕೆ ನಿಂತ ಚಿತ್ರದ ಮುಂದೆ ಗ್ರೂಪ್ ಫೋಟೊ ತೆಗೆಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ.

ಮೊದಲ ತಪ್ಪು ಫ್ಲೆಕ್ಸ್. ಫ್ಲೆಕ್ಸ್ ಅಂಗಡಿ ಬೀದಿಗೊಂದಿದೆ, ಅಗ್ಗ, ಸಂಜೆಗೆ ಕೊಟ್ಟರೆ ಬೆಳಿಗ್ಗೆಗೆ ರೆಡಿ. ಆದರೆ ನೀರಿನ ಶಾಯಿಯ ಸ್ಕೆಚ್ ಪೆನ್ನು ಅದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ, ಮುಂದಿನವರ ತೋಳಿಗೆ ಮೆತ್ತಿಕೊಳ್ಳುತ್ತದೆ. ಪರ್ಮನೆಂಟ್ ಮಾರ್ಕರ್ ಹಿಡಿಯುತ್ತದೆ ನಿಜ. ಆದರೆ ಅದರೊಳಗಿನ ಸ್ಪಿರಿಟ್ ಪ್ರಿಂಟಾದ ಕಪ್ಪು ಗೆರೆಯನ್ನೂ ಕರಗಿಸಿ ಮೊನೆಗೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಹಳದಿ ಪೆನ್ನು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಬಟ್ಟೆಗೆ ತಗುಲಿದರಂತೂ ಹೋಗುವುದಿಲ್ಲ. ಚುನಾವಣೆಯ ಅಳಿಸಲಾಗದ ಶಾಯಿಯನ್ನು 1962ರಿಂದ ಮಾಡಿಕೊಡುತ್ತಿರುವ ಊರು ಮೈಸೂರೇ ಆದರೂ, ಹೊಸ ಸೀರೆಯ ಮೇಲೆ ಆ ಹೆಮ್ಮೆ ಬೇಡ.

ಫ್ಲೆಕ್ಸ್ ಬದಲು ಮನೆ ಪ್ಲಾನ್ ಪ್ರಿಂಟ್ ಹಾಕಿಕೊಡುವ ಅಂಗಡಿಗೆ ಹೋಗಿ. ಅಲ್ಲಿನ ರೋಲ್ ಕಾಗದ ಸಾಮಾನ್ಯವಾಗಿ 36 ಇಂಚು ಅಗಲ. ನಾಲ್ಕಡಿಗೆ ಎರಡು ತುಂಡು ಜೋಡಿಸಬೇಕು, ಒಂದು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ. ಪ್ಲಾನಿಗೆ ಬಳಸುವ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದ ನಾಲ್ಕು ಸಲ ತಿಕ್ಕಿದರೆ ನೂಲೆದ್ದು ಹರಿಯುತ್ತದೆ. 160ರಿಂದ 180 ಜಿಎಸ್‌ಎಂ ಮ್ಯಾಟ್ ಕಾಗದ ಕೇಳಿ, ಹೊಳಪಿನದು ಬೇಡ. ಪೂರ್ತಿ ಪ್ರಿಂಟಿಗೆ ಮೊದಲು ಒಂದು ಗೇಣಿನಷ್ಟು ತುಂಡು ತರಿಸಿ, ಕಪ್ಪು ಗೆರೆಯ ಮೇಲೆ ಹಳದಿ ಪೆನ್ನು ಎರಡು ಸಲ ಎಳೆದು ನೋಡಿ. ಹಳದಿ ಕೊಳೆಯಾದರೆ ಪ್ರಿಂಟರಿನ ಶಾಯಿ ನೀರಿಗೆ ಕರಗುವಂಥದ್ದು, ಬೇರೆ ಅಂಗಡಿ ನೋಡಿಕೊಳ್ಳಿ. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡುವವರೇ ಕಡಿಮೆ.

ಫೈಲು ಕಳಿಸುವವರಿಗೆ ಎರಡು ಮಾತು. ಫೋನಿನಲ್ಲಿ ಬಂದ ಚಿತ್ರವನ್ನು ಎಂಟಡಿಗೆ ಹಿಗ್ಗಿಸಿದರೆ ಗೆರೆ ಗರಗಸದ ಹಲ್ಲಾಗುತ್ತದೆ. ಎಷ್ಟು ಹಿಗ್ಗಿಸಿದರೂ ಗೆರೆ ಕೆಡದ ವೆಕ್ಟರ್ ಪಿಡಿಎಫ್ಫೇ ಬೇಕು. ಕನ್ನಡ ಅಕ್ಷರವಿದ್ದರೆ ಅಂಗಡಿಯ ಹುಡುಗ ಹೇಳುವ "ಕರ್ವ್ ಮಾಡಿ ಕಳ್ಸಿ ಸಾರ್" ಎಂಬುದನ್ನು ವೇದವಾಕ್ಯವೆಂದುಕೊಳ್ಳಿ, ಅಂದರೆ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ಗೆರೆಗಳಾಗಿ ಬದಲಿಸಿ ಕಳಿಸಿ. ಇಲ್ಲದಿದ್ದರೆ ಇಲ್ಲಿ ಸರಿಯಾಗಿದ್ದ ಒತ್ತಕ್ಷರ ಅಲ್ಲಿ ಕಂಪ್ಯೂಟರಿನಲ್ಲಿ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ, ರಾಜ್ಯೋತ್ಸವದ ದಿನವೇ. ಬಾಹ್ಯರೇಖೆಯ ಗೆರೆ 5 ಮಿ.ಮೀ., ಒಳಗಿನವು 2ರಿಂದ 3 ಮಿ.ಮೀ. ಇರಲಿ. ಎರಡು ಬೆರಳಿನಗಲಕ್ಕಿಂತ ಚಿಕ್ಕ ಖಾನೆ ಬೇಡ. ಕಣ್ಣು, ಮೂಗುತಿಗಳನ್ನು ಪ್ರಿಂಟಿನಲ್ಲೇ ಮುಗಿಸಿ. ಯಾವ ಖಾನೆಗೆ ಯಾವ ಬಣ್ಣ ಎಂದು ತಿಳಿಸುವ ಸಂಖ್ಯೆ ಬರೆಯುವುದಾದರೆ ತಿಳಿ ಬೂದಿಯಲ್ಲಿ ಬರೆಯಿರಿ. ಕಪ್ಪಿನಲ್ಲಿ ಬರೆದ 4 ಹಳದಿಯ ಅಡಿಯಿಂದ ಇಣುಕುತ್ತಲೇ ಇರುತ್ತದೆ.

ಇನ್ನು ಯಾವ ಚಿತ್ರ? ಎಲ್ಲರೂ ಮೊದಲು ಹೇಳುವುದು ಜಂಬೂ ಸವಾರಿಯ ಆನೆ. ನಡುವೆ ಒಂದೇ ದೊಡ್ಡ ಆನೆ ಇಟ್ಟರೆ ಜನ ನಡುವೆಯೇ ಮುತ್ತುತ್ತಾರೆ, ಅಂಚು ಖಾಲಿ ಉಳಿಯುತ್ತದೆ. ಮೇಲಾಗಿ ಆನೆಯ ಮೈ ತುಂಬಲು ಬೂದಿ ಬಣ್ಣದ ನಾಲ್ಕು ಪೆನ್ನು ಖಾಲಿ, ತುಂಬಿದವರಿಗೆ ಬೇಸರ. ಇದಕ್ಕೆ ಒಳ್ಳೆಯ ಪಾಠ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿದೆ. 1784ರ ಆ ಅರಮನೆಯ ಪಶ್ಚಿಮ ಗೋಡೆಯಲ್ಲಿ 1780ರಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಕಾಳಗವಿದೆಯಲ್ಲ, ಅದರಲ್ಲಿ ಬ್ರಿಟಿಷ್ ಸೇನಾನಿ ಬೇಯ್ಲಿಯ ಪಲ್ಲಕ್ಕಿ ಒಂದೆಡೆ ಇದ್ದರೂ ಸವಾರರು, ಕುದುರೆಗಳು ಸಾಲು ಸಾಲಾಗಿ ಗೋಡೆಯುದ್ದಕ್ಕೂ ಹರಡಿದ್ದಾರೆ. ಕಣ್ಣು ಎಲ್ಲಿ ಬಿದ್ದರೂ ಅಲ್ಲೊಬ್ಬ ಸವಾರ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ ಚಿತ್ರಗಳದ್ದೂ ಅದೇ ದಾರಿ. ನಿಮ್ಮ ಹಾಳೆಯಲ್ಲೂ ಮೆರವಣಿಗೆಯನ್ನೇ ಬರೆಸಿ, ಒಬ್ಬೊಬ್ಬರಿಗೆ ಒಬ್ಬ ಡೊಳ್ಳಿನವನೋ ಛತ್ರಿಯವನೋ ಸಿಗಲಿ. ಆನೆ ಇರಲಿ, ಆದರೆ ಅದರ ಮೈಮೇಲಿನ ಜೂಲನ್ನು (ಹೊದಿಕೆ ಬಟ್ಟೆಯನ್ನು) ಬಳ್ಳಿ, ಹೂವು, ಚೌಕಗಳಾಗಿ ಒಡೆಯಿರಿ. ಅಂಬಾರಿಯನ್ನು ಮಾತ್ರ ಪ್ರಿಂಟಿನಲ್ಲೇ ಬಣ್ಣ ಮಾಡಿಸಿ. 750 ಕೆ.ಜಿ. ತೂಗುವ ಅಂಬಾರಿಗೆ ಮಾರ್ಕರಿನ ಹಳದಿ ಬಳಿದರೆ ಮಾವಿನಹಣ್ಣಿನ ಬುಟ್ಟಿಯಂತೆ ಕಾಣುತ್ತದೆ. ಕಂಪನಿಯ ಲೋಗೊಗೂ ಇದೇ ಮಾತು. ಮಂಡ್ಯದ ಕಡೆಯವರು ಆಲೆಮನೆ ಬರೆಸಬಹುದು: ಗಾಣ, ಕೊಪ್ಪರಿಗೆ, ಕಬ್ಬಿನ ಹೊರೆ, ಅಚ್ಚಿನ ಬೆಲ್ಲ. ಕಬ್ಬಿನ ಗೆಣ್ಣುಗಳಂತೂ ದೇವರೇ ಬಣ್ಣ ತುಂಬಲು ಮಾಡಿಕೊಟ್ಟ ಖಾನೆಗಳು.

ಮಕ್ಕಳ ಸ್ಕೆಚ್ ಪೆನ್ನು ತರಬೇಡಿ, ಮೊನೆ ಸಣ್ಣ, ಮೂರು ಪಟ್ಟು ಹೊತ್ತು. 4ರಿಂದ 5 ಮಿ.ಮೀ. ಮೊನೆಯ ತೊಳೆಯಬಹುದಾದ ಮಾರ್ಕರ್ ಸಾಕು: 12 ಬಣ್ಣ, ತಲಾ ಮೂರು, ಹಸಿರು ಹಳದಿ ಎರಡೆರಡು ಹೆಚ್ಚು. ಎಲ್ಲಕ್ಕಿಂತ ಬೇಗ ಕಳೆಯುವುದು ಮುಚ್ಚಳ. ದಪ್ಪ ಥರ್ಮೋಕೋಲಿನಲ್ಲಿ ತೂತು ಮಾಡಿ ಮುಚ್ಚಳಗಳನ್ನೇ ತಲೆಕೆಳಗಾಗಿ ಅಂಟಿಸಿಬಿಡಿ. ಪೆನ್ನು ಎಳೆದುಕೊಂಡವರು ಅಲ್ಲೇ ಸಿಕ್ಕಿಸಬೇಕು, ಮೊನೆ ಕೆಳಗಿರುವುದರಿಂದ ಶಾಯಿಯೂ ಇಳಿದಿರುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ ಎಂದು ದೊಡ್ಡಕ್ಷರದಲ್ಲಿ ಬರೆದು ಹಾಕಿ.

ಹಾಳೆಯನ್ನು ಗೋಡೆಗೆ ನೇರವಾಗಿ ಅಂಟಿಸಿದರೆ ಟೇಪು ಸುಣ್ಣವನ್ನೇ ಕಿತ್ತುಕೊಂಡು ಕೆಳಗೆ ಬರುತ್ತದೆ. ಐದು ಮಿ.ಮೀ. ದಪ್ಪದ ಹಗುರ ಫೋಮ್ ಹಲಗೆ, ಅಂದರೆ ಸನ್‌ಬೋರ್ಡಿಗೆ ಕ್ಲಿಪ್ಪು ಹಾಕಿ, ನೆಲದಿಂದ ಎರಡಡಿ ಮೇಲೆ ನಿಲ್ಲಿಸಿ. ಮೇಲಂಚು ಆರಡಿಗೆ ಬರುತ್ತದೆ, ಸ್ಟೂಲು ಬೇಡ. ಊಟದ ಕೌಂಟರಿನ ಪಕ್ಕ ಬೇಡವೇ ಬೇಡ. ಮೈಸೂರುಪಾಕು ತಿಂದ ಬೆರಳು ತಾಗಿದಲ್ಲಿ ತುಪ್ಪದ ಕಲೆಯಾಗುತ್ತದೆ, ಆ ಜಾಗಕ್ಕೆ ನೀರಿನ ಶಾಯಿ ಆಮೇಲೆ ಎಷ್ಟು ಬಳಿದರೂ ಹಿಡಿಯುವುದಿಲ್ಲ. ಕೈತೊಳೆಯುವ ಜಾಗಕ್ಕೂ ಕಾಫಿಗೂ ನಡುವೆ ಇಡಿ.

ಮುಗಿದ ಮೇಲೆ ವಾರ್ನಿಷ್ ಹಚ್ಚಿದರೆ ಬಣ್ಣ ಕದಡುತ್ತದೆ. ಬಿಸಿ ಮಾಡದೆ ಪ್ಲಾಸ್ಟಿಕ್ ಹಾಳೆ ಅಂಟಿಸುವ ಕೋಲ್ಡ್ ಲ್ಯಾಮಿನೇಶನ್ ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಅದಕ್ಕೂ ಮೊದಲು ಒಂದು ವಾರ ರಿಸೆಪ್ಶನ್ ಹತ್ತಿರ ಹಾಗೇ ನಿಲ್ಲಿಸಿ. ಮೇಲಿನ ಎರಡು ಮೂಲೆ ಯಾವಾಗಲೂ ಖಾಲಿ ಉಳಿದಿರುತ್ತವೆ. ಮೂರು ಪೆನ್ನು ದಾರಕ್ಕೆ ಕಟ್ಟಿ ತೂಗುಬಿಡಿ, ಮುಚ್ಚಳವನ್ನೂ ಅದೇ ದಾರಕ್ಕೆ.