ರೈಲಿನಿಂದ ಮಗಳಿಗೊಂದು ಪತ್ರ

ಕರ್ನಾಟಕ ಎಕ್ಸ್‌ಪ್ರೆಸ್, ಮನ್ಮಾಡ್ ದಾಟಿದ ಮೇಲೆ
23 ಫೆಬ್ರವರಿ 2009

ಪುಟ್ಟೀ,

ಇವತ್ತು ಶಿವರಾತ್ರಿ ಅಲ್ವಾ, ಎರಡು ಬಾಳೆಹಣ್ಣು, ಒಂದಿಷ್ಟು ಕಡಲೆಕಾಯಿ ತಿಂದು ಬರ್ತಿನಲ್ಲಿ ಕೂತಿದ್ದೇನೆ. ರೈಲು ಅಲ್ಲಾಡಿ ಅಕ್ಷರ ಸೊಟ್ಟಗಾದರೆ ಬೈಯಬೇಡ.

ಬ್ಲಾಗ್ ಬರೆಯೋರ ಜಾತ್ರೆಗೆ ದೆಹಲಿತನಕ ಹೋಗಬೇಕಾ ಅಂತ ನಕ್ಕಿದ್ದೆಯಲ್ಲ. ಹೋದದ್ದೇ ಒಳ್ಳೆಯದಾಯಿತು. ವರ್ಡ್‌ಕ್ಯಾಂಪ್ ಅನ್ನೋ ಆ ಜಾತ್ರೆಗೆ, ನಾವು ಬ್ಲಾಗ್ ಬರೆಯೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಕಟ್ಟಿದ ಮ್ಯಾಟ್ ಮುಲ್ಲೆನ್‌ವೆಗ್ ಬಂದಿದ್ದ. ಯಾರೋ ಕೋಟು ಹಾಕಿದ ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ನೋಡಿದರೆ 25 ವರ್ಷದ ಹುಡುಗ! ಹೋಗುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಮಾತು ಕೈ ಕುಲುಕುವ ಹೊತ್ತಿಗೆ ಮರೆತೇ ಹೋಯಿತು. ಥ್ಯಾಂಕ್ಯೂ ಅಂದೆ, ಅಷ್ಟೇ.

ಅವನ ಕಥೆ ನಿನಗೆ ಹೇಳಲೇಬೇಕು. 2003ರಲ್ಲಿ ಅವನಿಗೆ 19, ಹೆಚ್ಚುಕಮ್ಮಿ ನಿನ್ನ ವಯಸ್ಸು. ಹ್ಯೂಸ್ಟನ್‌ನಲ್ಲಿ ಓದುತ್ತಿದ್ದ. ಬಿ2 ಅನ್ನೋ ಸಾಫ್ಟ್‌ವೇರಿನಲ್ಲಿ ಬ್ಲಾಗ್ ಬರೆಯುತ್ತಿದ್ದ. ಅದನ್ನು ಮಾಡಿದ ಮಿಶೆಲ್ ವಾಲ್ಡ್ರಿಗಿ ತಿಂಗಳುಗಟ್ಟಲೆ ಪತ್ತೆಯೇ ಇಲ್ಲ. ಆದರೆ ಅದರ ಲೈಸೆನ್ಸ್ ಜಿಪಿಎಲ್. ಅಂದರೆ ಯಾರು ಬೇಕಾದರೂ ಕೋಡ್ ತಗೊಂಡು ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಷರತ್ತು ಮುಂದಿನವರಿಗೂ. ನಮ್ಮ ಹೆಪ್ಪಿನ ಹಾಗೆ ಕಣೇ. ಕೊಟ್ಟ ಪಕ್ಕದ ಮನೆಯವರು ಊರು ಬಿಟ್ಟರೂ ನಮ್ಮ ಮನೆಯಲ್ಲಿ ದಿನಾ ಮೊಸರು ಆಗುತ್ತಲೇ ಇರುತ್ತದೆ. ಆ ಕೋಡನ್ನು ತಾನು ಮುಂದುವರಿಸಬೇಕು ಅಂತ ಮ್ಯಾಟ್ ಬ್ಲಾಗಿನಲ್ಲಿ ಬರೆದ. ತಾನೂ ಸೇರುತ್ತೇನೆ ಅಂತ ಕೆಳಗೆ ಕಾಮೆಂಟ್ ಹಾಕಿದ್ದು ಇಂಗ್ಲೆಂಡಿನ ಮೈಕ್ ಲಿಟಲ್. ಮೇ 27ಕ್ಕೆ ಮೊದಲ ವರ್ಡ್‌ಪ್ರೆಸ್ ಹೊರಬಂತು. ಅಷ್ಟರಲ್ಲಿ ಇಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ!

ಹುಡುಗ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನಂತೆ. ಅದಕ್ಕೇ ಪ್ರತಿ ದೊಡ್ಡ ಆವೃತ್ತಿಗೂ ಜಾಜ್ ಸಂಗೀತಗಾರರ ಹೆಸರು. ಡಿಸೆಂಬರಿನಲ್ಲಿ ಬಂದ 2.7ಕ್ಕೆ ಕೋಲ್ಟ್ರೇನ್. ನನಗೆ ಜಾಜ್ ತಲೆಬುಡ ತಿಳಿಯದು, ಬಿಡು.

ಮುಖ ನೋಡದ ಸ್ನೇಹ ನನಗೂ ಒಂದಿತ್ತು ನೋಡು. ಅಡುಗೆಮನೆ ಪದಗಳ ಬಗ್ಗೆ ಬರೆಯುತ್ತೇನಲ್ಲ, ಮಡಕೆ ತೂಗುಹಾಕೋ ಹಗ್ಗದ ಬಲೆಗೆ ನೆಲುವು ಅಂತ ಬರೆದಾಗ "ನಮ್ಮಲ್ಲಿ ಇದಕ್ಕೆ ಸಿಕ್ಕ ಅನ್ನುತ್ತಾರೆ" ಅಂತ ತಿದ್ದಿದವರೊಬ್ಬರಿದ್ದರು. ಪ್ರತಿ ಸಲ "ಸಾದರ ನಮಸ್ಕಾರಗಳು" ಅಂತಲೇ ಶುರು. ರಿಟೈರಾದ ಮೇಷ್ಟ್ರು ಅಂತ ನಿಶ್ಚಯ ಮಾಡಿಕೊಂಡಿದ್ದೆ. ಹಾಲ್‌ನಲ್ಲಿ ಯಾರದೋ ಲ್ಯಾಪ್‌ಟಾಪಿನಲ್ಲಿ ನನ್ನ ಬ್ಲಾಗ್ ತೋರಿಸಹೋದರೆ ಕನ್ನಡದ ಬದಲು ಬರೀ ಡಬ್ಬಿಗಳು. ನಾಚಿಕೆಯಾಯಿತು. ಆಗ ಜೀನ್ಸ್ ಹಾಕಿದ ಒಬ್ಬ ಹುಡುಗ ಬಗ್ಗಿ ವಿಂಡೋಸ್ ಎಕ್ಸ್‌ಪಿಯ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿದ, ಬ್ಯಾಗಿನಿಂದ ಸಿ.ಡಿ. ತೆಗೆದು ತೂರಿಸಿದ, ರೀಸ್ಟಾರ್ಟ್ ಮಾಡಿದ. ಒತ್ತಕ್ಷರ ಸಮೇತ ನೆಲುವಿನ ಬರಹ ಕಾಣಿಸಿತು. ಅವನು ಮೆಲ್ಲಗೆ "ಸಿಕ್ಕ" ಅಂದ!

ಪುತ್ತೂರಿನ ಕಡೆಯವನು, ಗುರ್‌ಗಾಂವ್‌ನಲ್ಲಿ ಕೆಲಸ. ಅವನೂ ನನ್ನನ್ನು ಅಜ್ಜಿ ಅಂದುಕೊಂಡಿದ್ದನಂತೆ. ಹಳೇ ಪದಗಳೇ ಜಾಸ್ತಿ ಇದ್ದವು ನೋಡು! ಮ್ಯಾಟ್ ಹತ್ತಿರ ಬಾರದ ಮಾತೆಲ್ಲ ಇವನ ಹತ್ತಿರ ಬಂತು. ಊಟದ ಹೊತ್ತು ಮುಗಿದರೂ ನಾವು ಒರಳು, ಮೊರ, ಜರಡಿ ಅಂತ ಲೆಕ್ಕ ಹಾಕುತ್ತಲೇ ಇದ್ದೆವು.

ನಾಳೆ ಮಧ್ಯಾಹ್ನ ಬೆಂಗಳೂರು. ಇಳಿದು ಫೋನ್ ಮಾಡುತ್ತೇನೆ. ನಿನಗೂ ಕಡಲೆಕಾಯಿ ಉಳಿಸಿದ್ದೇನೆ. ನಿನ್ನೆ ರಾತ್ರಿ ಸ್ಟೇಷನ್ನಿನಲ್ಲಿ "ನಾಳೆ ಉಪವಾಸ ಅಲ್ವಾ ಅಕ್ಕಾ" ಅಂತ ಅವನೇ ಪೊಟ್ಟಣ ಕಟ್ಟಿಸಿಕೊಟ್ಟದ್ದು.

ನಿನ್ನ,
ಅಮ್ಮ