ಎರಕದ ಕೆಲಸಕ್ಕೆ ಸೇರಿದ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

"ಅಪ್ಪಾ, ಇವತ್ತು ಮೊದಲ ಸಲ ಪೋರಿಂಗ್ ನಡೆಯುವಾಗ, ಕರಗಿದ ಕಬ್ಬಿಣ ಅಚ್ಚಿಗೆ ಸುರಿಯುವಾಗ, ಹತ್ತಿರ ನಿಂತಿದ್ದೆ" ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಅಜ್ಜನ ಎಡಗಾಲು ನೆನಪಾಯಿತು. ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಅವರು ಮರಳಿನ ಅಚ್ಚು ಮಾಡುವ ಮೋಲ್ಡರ್ ಆಗಿದ್ದರು. ಹಿಮ್ಮಡಿಯ ಮೇಲೆ ನಾಲ್ಕು ಬೆರಳಗಲ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಅಲ್ಲಿ ಒಂದು ಕೂದಲೂ ಬೆಳೆಯಲಿಲ್ಲ. ಕರಗಿದ ಕಬ್ಬಿಣದ ಪಾತ್ರೆ, ಅದೇ ಲೇಡಲ್, ಹಿಡಿದಿದ್ದವರಲ್ಲಿ ಒಬ್ಬರ ಕಾಲು ಜಾರಿತ್ತು, ಅಷ್ಟೇ.

ಅದಕ್ಕೇ ನಿನಗೆ ಇಂಜಿನಿಯರ್ ಜೇಮ್ಸ್ ನೇಸ್ಮಿತ್ ಬಗ್ಗೆ ಬರೆಯಬೇಕು ಅನ್ನಿಸಿತು. ಹುಟ್ಟಿದ್ದು 1808ರಲ್ಲಿ, ಎಡಿನ್‌ಬರೋದಲ್ಲಿ. ಅಪ್ಪ ಹೆಸರಾಂತ ಚಿತ್ರಗಾರ. ಮಗನಿಗೂ ಪೆನ್ಸಿಲ್ ಹಿಡಿಯುವ ಕೈ ಬಂತು, ಆದರೆ ಅವನು ಬರೆದದ್ದು ಯಂತ್ರಗಳನ್ನು. ತನ್ನ ಮಲಗುವ ಕೋಣೆಯಲ್ಲೇ ಹಿತ್ತಾಳೆ ಕರಗಿಸಿ ಎರಕ ಹೊಯ್ಯುತ್ತಿದ್ದ ಹುಡುಗ! 1829ರಲ್ಲಿ ಲಂಡನ್ನಿಗೆ ಹೋಗಿ, ತಾನೇ ಮಾಡಿದ ಪುಟ್ಟ ಸ್ಟೀಮ್ ಇಂಜಿನ್ ತೋರಿಸಿ ಹೆಸರಾಂತ ಯಂತ್ರ ತಯಾರಕ ಹೆನ್ರಿ ಮಾಡ್ಸ್ಲೇ ಹತ್ತಿರ ಕೆಲಸ ಗಿಟ್ಟಿಸಿದ. ವಾರಕ್ಕೆ 10 ಶಿಲಿಂಗ್ ಸಂಬಳ. ಅಪ್ಪನಿಂದ ದುಡ್ಡು ತರಿಸಬಾರದು ಅಂತ, ಎಣ್ಣೆ ದೀಪದ ಸಣ್ಣ ಉರಿಯಲ್ಲಿ ಅಡುಗೆ ಬೇಯಿಸುವ ಒಲೆಯನ್ನೂ ಮಾಡಿಕೊಂಡ. ಹಾಸ್ಟೆಲಿನಲ್ಲಿ ಕೆಟಲ್‌ನಲ್ಲೇ ಅನ್ನ ಮಾಡುತ್ತಿದ್ದ ನಿನಗೆ ಇದು ಹೊಸದಲ್ಲ ಬಿಡು.

ಆಮೇಲೆ ಮ್ಯಾಂಚೆಸ್ಟರ್. ಹಳೇ ಹತ್ತಿ ಗಿರಣಿಯೊಂದರ ಮಹಡಿಯಲ್ಲಿ ಬಾಡಿಗೆ ಜಾಗ ಹಿಡಿದ. ಕೆಳಗಡೆ ಗಾಜು ಕೆತ್ತುವವನ ಅಂಗಡಿ. ಒಂದು ದಿನ ಇಂಜಿನ್ನಿನ ಭಾರಿ ತೊಲೆ ನೆಲ ಒಡೆದುಕೊಂಡು ಅವನ ಗಾಜಿನ ಸಾಮಾನಿನ ಮೇಲೇ ಇಳಿಯಿತು. ಇನ್ನು ಅಲ್ಲಿರುವುದು ಹೇಗೆ? 1836ರಲ್ಲಿ ಹತ್ತಿರದ ಪ್ಯಾಟ್ರಿಕ್ರಾಫ್ಟ್‌ನಲ್ಲಿ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ರೈಲು ಹಳಿ ಇರುವ ಜಾಗ ನೋಡಿ ಬ್ರಿಜ್‌ವಾಟರ್ ಫೌಂಡ್ರಿ ಶುರು ಮಾಡಿದ.

ಇವನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಸ್ಟೀಮ್ ಹ್ಯಾಮರ್. 'ಗ್ರೇಟ್ ಬ್ರಿಟನ್' ಹಡಗಿನ ಪಕ್ಕದ ಪ್ಯಾಡಲ್ ಚಕ್ರಗಳನ್ನು ತಿರುಗಿಸಲು ಭಾರಿ ಶಾಫ್ಟ್, ಅಂದರೆ ಕಬ್ಬಿಣದ ದಂಡ, ಬೇಕಿತ್ತು. ಅಷ್ಟು ದಪ್ಪದ್ದನ್ನು ಬಡಿಯುವ ಸುತ್ತಿಗೆ ಯಾರ ಹತ್ತಿರವೂ ಇರಲಿಲ್ಲ. ಹಳೇ ಸುತ್ತಿಗೆ ಏಳುತ್ತಿದ್ದದ್ದು ಒಂದೇ ಎತ್ತರಕ್ಕೆ. ಕೆಳಗೆ ಇಟ್ಟ ಕಬ್ಬಿಣ ದಪ್ಪ ಆದಷ್ಟೂ ಬೀಳುವ ದೂರ ಕಡಿಮೆ. ಜೋರು ಪೆಟ್ಟು ಬೇಕಾದಾಗಲೇ ಪೆಟ್ಟು ಸಪ್ಪೆ! ನೇಸ್ಮಿತ್ 1839ರ ನವೆಂಬರ್ 24ರಂದು ಕೂತು ಚಿತ್ರ ಬರೆದ: ಮೇಲೆ ಸಿಲಿಂಡರ್, ಅದರ ಪಿಸ್ಟನ್ ರಾಡಿಗೇ ಸುತ್ತಿಗೆ. ಹಬೆ ಎತ್ತುತ್ತದೆ, ಬಿಟ್ಟರೆ ಬೀಳುತ್ತದೆ. ಹಡಗಿನವರು ಮನಸ್ಸು ಬದಲಿಸಿ ಪ್ಯಾಡಲ್ ಚಕ್ರದ ಬದಲು ಪ್ರೊಪೆಲರ್ ಹಾಕಿದರು, ಆ ಶಾಫ್ಟೇ ಬೇಡವಾಯಿತು. 1842ರಲ್ಲಿ ಫ್ರಾನ್ಸಿನ ಕ್ರೂಸೋ ಕಾರ್ಖಾನೆಗೆ ಹೋದಾಗ ನೋಡುತ್ತಾನೆ, ತನ್ನದೇ ಸುತ್ತಿಗೆ ಅಲ್ಲಿ ಕೆಲಸ ಮಾಡುತ್ತಿದೆ! ಇವನು ಊರಲ್ಲಿಲ್ಲದಾಗ ಅವರು ಪ್ಯಾಟ್ರಿಕ್ರಾಫ್ಟ್‌ಗೆ ಬಂದು ಆ ಚಿತ್ರ ನೋಡಿಕೊಂಡು ಹೋಗಿದ್ದರು. ವಾಪಸ್ ಬಂದವನೇ ಪೇಟೆಂಟ್ ಮಾಡಿಸಿದ. ವೈನ್ ಗ್ಲಾಸಿನಲ್ಲಿಟ್ಟ ಮೊಟ್ಟೆಯನ್ನು, ಗ್ಲಾಸಿಗೆ ಏನೂ ಆಗದಂತೆ ಒಡೆಯುವಷ್ಟು ಹತೋಟಿ ಆ ಸುತ್ತಿಗೆಗೆ ಇತ್ತು.

ಆದರೆ ನನಗೆ ಸುತ್ತಿಗೆಗಿಂತ ಜಾಸ್ತಿ ಇಷ್ಟವಾಗುವುದು ಅವನ ಲೇಡಲ್. ಅಲ್ಲಿಯವರೆಗೆ ದೊಡ್ಡ ಲೇಡಲ್ ಕ್ರೇನಿನಲ್ಲಿ ತೂಗುತ್ತಿದ್ದರೂ, ಅದನ್ನು ವಾಲಿಸಲು ಹಲವು ಆಳುಗಳು ಉದ್ದನೆಯ ಹಿಡಿ ಹಿಡಿದು ಬಗ್ಗಬೇಕಿತ್ತು. ಕಣ್ಣಿಗೆ ಬೆಂಕಿಯ ಝಳ. ಯಾರಾದರೂ ಒಬ್ಬರು ತಪ್ಪಿದರೂ ಬೀಡು, ಅಂದರೆ ಕರಗಿದ ಎರಕದ ಕಬ್ಬಿಣ, ಚೆಲ್ಲಿತು ಅಂತಲೇ ಲೆಕ್ಕ. ಒದ್ದೆ ಮರಳಿನ ಮೇಲೆ ಬಿದ್ದರಂತೂ ಸಿಡಿದು ಎಲ್ಲರ ಮೇಲೂ ಹಾರುತ್ತದೆ. 1838ರಲ್ಲಿ ನೇಸ್ಮಿತ್ ಲೇಡಲ್ಲಿನ ಪಕ್ಕಕ್ಕೆ ಒಂದು ಹಲ್ಲಿನ ಚಕ್ರ, ಅದರ ಹಲ್ಲಿಗೆ ಕೂತು ಅದನ್ನು ತಿರುಗಿಸುವ ಒಂದು ತಿರುಪು, ವರ್ಮ್ ಸ್ಕ್ರೂ, ಕೂಡಿಸಿದ. ದೂರ ನಿಂತ ಒಬ್ಬನೇ ಹ್ಯಾಂಡಲ್ ತಿರುಗಿಸಿದರೆ ಸಾಕು. ಕೈ ಬಿಟ್ಟರೂ ಲೇಡಲ್ ತಾನಾಗಿ ವಾಲುವುದಿಲ್ಲ. ಇದಕ್ಕೆ ಅವನು ಪೇಟೆಂಟ್ ತೆಗೆದುಕೊಳ್ಳಲಿಲ್ಲ ಮಗಳೇ. ಚಿತ್ರ ಬರೆದು ಬೇರೆ ಫೌಂಡ್ರಿಗಳಿಗೆ ಸುಮ್ನೆ ಕಳಿಸಿಕೊಟ್ಟ.

ಇನ್ನೊಂದು ಮಾತನ್ನೂ ನಿನ್ನಿಂದ ಮುಚ್ಚಿಡಲಾರೆ. ಕಾರ್ಮಿಕ ಸಂಘ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸಂಘದ ಜೊತೆಗಿನ 1852ರ ಜಗಳದ ನಂತರ, ತಾನಾಗಿ ನಡೆಯುವ ಯಂತ್ರಗಳನ್ನಿಟ್ಟು ವಯಸ್ಕ ಆಳುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದ. ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡ. ಆಳುಗಳ ಕಾಲು ಸುಡಬಾರದು ಅಂತ ಯೋಚಿಸಿದವನು ಅವರ ಮನೆಯ ಒಲೆ ಬಗ್ಗೆ ಯಾಕೆ ಯೋಚಿಸಲಿಲ್ಲ? ಮೋಲ್ಡರ್ ಮಗನಾದ ನನಗೆ ಇದು ಈಗಲೂ ನೋವು ಕೊಡುತ್ತದೆ.

1856ರಲ್ಲಿ, ಇನ್ನೂ 48ರ ವಯಸ್ಸಿನಲ್ಲೇ ಕೆಲಸ ಬಿಟ್ಟು ಕೆಂಟ್‌ಗೆ ಹೋದ. ಮನೆಗೆ 'ಹ್ಯಾಮರ್‌ಫೀಲ್ಡ್' ಅಂತ ಹೆಸರಿಟ್ಟು, ದೂರದರ್ಶಕ ಹಿಡಿದು ಚಂದ್ರನನ್ನು ನೋಡುತ್ತಾ ಕೂತ. 1890ರಲ್ಲಿ ತೀರಿಕೊಂಡ.

ನಿನ್ನ ಅಜ್ಜ ಕೆಲಸ ಮಾಡುತ್ತಿದ್ದಲ್ಲಿ ಆ ಚಕ್ರ ಇರಲಿಲ್ಲ. ನಿಮ್ಮಲ್ಲಿ ಇದೆ ಅಂದೆ. ಪೋರಿಂಗ್‌ಗೆ ಮುಂಚೆ ಅದಕ್ಕೆ ಗ್ರೀಸ್ ಇದೆಯಾ, ಹಲ್ಲು ಸವೆದಿದೆಯಾ ಅಂತ ನೀನೇ ಹೋಗಿ ನೋಡು. ಬೂಟಿನ ಮೇಲೆ ಲೆಗ್ ಗಾರ್ಡ್ ಕಟ್ಟದೆ ಒಳಗೆ ಕಾಲಿಡಬೇಡ. ಭಾನುವಾರ ಫೋನ್ ಮಾಡಿದಾಗ, ಆ ಚಕ್ರ ಎಷ್ಟು ಸುತ್ತು ತಿರುಗಿಸಿದರೆ ಬೀಡು ಸುರಿಯಲು ಶುರುವಾಗುತ್ತದೆ ಅಂತ ಎಣಿಸಿ ಹೇಳು.

ನಿನ್ನ
ಅಪ್ಪ